ವರ್ಕ್ ಆರ್ಡರ್ ಕೈಗೆ ಬರದೆ ಹಳೇ ಮನೆ ಕೆಡವಬೇಡಿ

ವರ್ಕ್ ಆರ್ಡರ್, ಅಂದರೆ ಮನೆ ಕಟ್ಟಿ ಅಂತ ಬರೆದು ಕೊಡುವ ಆದೇಶ, ಕೈಗೆ ಬರುವವರೆಗೆ ದಯವಿಟ್ಟು ಕೆಡವಬೇಡಿ. ಸರ್ಕಾರದ ದುಡ್ಡಿನ ಗ್ರಾಂಟ್ ಮನೆ ಆಗಿದೆ ಅಂತ ಪಂಚಾಯ್ತಿ ಮೆಂಬರ್ ಬಂದು ಹೇಳಿದರೂ ಕೆಡವಬೇಡಿ. ಗ್ರಾಮಸಭೆಯಲ್ಲಿ ನಿಮ್ಮ ಹೆಸರು ಓದಿದರೂ ಕೆಡವಬೇಡಿ. ನಾವು ಕೆಡವಿದೆವು. 14 ತಿಂಗಳಾಯಿತು, ನಮ್ಮಮ್ಮ ತಗಡಿನ ಶೆಡ್‌ನಲ್ಲಿ ಮಲಗುತ್ತಿದ್ದಾರೆ.

ನಮ್ಮದು ಬಯಲುಸೀಮೆಯ ಸಣ್ಣ ಊರು. ತಾತ ಕಟ್ಟಿಸಿದ ಮಣ್ಣಿನ ಮಾಳಿಗೆ ಮನೆ. ಮಳೆ ಬಂದರೆ ಸೋರುತ್ತಿತ್ತು, ನಿಜ. ಆದರೆ ಮನೆ ಅಂತ ಒಂದಿತ್ತು. ಗ್ರಾಮಸಭೆಯಲ್ಲಿ ರಾಜ್ಯ ಸರ್ಕಾರದ ಬಸವ ವಸತಿ ಯೋಜನೆಯ ಪಟ್ಟಿ ಓದಿದಾಗ ಅಮ್ಮನ ಹೆಸರೂ ಬಂತು. ಎಲ್ಲರ ಮುಂದೆ ಓದಿದರು, ನಡಾವಳಿ ಪುಸ್ತಕದಲ್ಲಿ ಬರೆದರು, ಅಮ್ಮನ ಹೆಬ್ಬೆಟ್ಟು ಹಾಕಿಸಿಕೊಂಡರು. ಇಷ್ಟಾದ ಮೇಲೆ ಯಾರು ತಾನೇ ನಂಬುವುದಿಲ್ಲ?

ಮಾರನೇ ದಿನ ಮೆಂಬರ್ ಮನೆಗೇ ಬಂದರು. "ಅಕ್ಕಾ, ನಿಂದು ಗ್ಯಾರಂಟಿ. ಹಳೇದು ಕೆಡವಿ ಪಾಯ ಹಾಕ್ಬಿಡು. ಪಾಯದ ಫೋಟೋ ಹೊಡೆದ್ರೆ ಮೊದಲನೇ ಬಿಲ್ ಬೀಳ್ತದೆ. ಲೇಟ್ ಮಾಡಿದ್ರೆ ಬೇರೆಯವರಿಗೆ ಹೋಯ್ತದೆ." ಫೈಲ್ ಖರ್ಚಿಗೆ ಅಂತ 10 ಸಾವಿರ ಬೇರೆ ಇಸ್ಕೊಂಡರು. ಅಮ್ಮ ನನಗೆ ಫೋನ್ ಮಾಡಿ ಕೇಳಿದರು. ನಾನು ಓದಿದವನು, ಬೆಂಗಳೂರಲ್ಲಿ ಕೆಲಸದಲ್ಲಿರುವವನು. ನಾನೇ "ಕೆಡವಿಸಮ್ಮ" ಅಂದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ತೊಲೆ, ಜಂತೆ, ಕಂಬ ಎಲ್ಲ ಸಿಕ್ಕ ರೇಟಿಗೆ ಮಾರಿದೆವು. ಸಾಲ ಮಾಡಿ ಪಾಯ ಹಾಕಿಸಿದೆವು. ಜಿಪಿಎಸ್ ಫೋಟೋ ತೆಗೆಯಲು ಯಾರನ್ನಾದರೂ ಕಳಿಸಿ ಅಂತ ಪಂಚಾಯ್ತಿಗೆ ಹೋದೆ. ಆಪರೇಟರ್ ಹುಡುಗ ಕಂಪ್ಯೂಟರ್‌ನಲ್ಲಿ ಅಮ್ಮನ ಹೆಸರು ಹುಡುಕಿದ. ಮತ್ತೆ ಹುಡುಕಿದ. ಆಧಾರ್ ನಂಬರ್ ಹಾಕಿ ನೋಡಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ, "ಸಾರ್, ನಮ್ಮ ಲಾಗಿನ್‌ನಲ್ಲಿ ಬರ್ತಿಲ್ಲ. ಟಾರ್ಗೆಟ್ಟೇ ಬಂದಿಲ್ವಲ್ಲ."

ಟಾರ್ಗೆಟ್ ಬಂದಿಲ್ಲ. ಹೊರಗೆ ಕಟ್ಟೆ ಮೇಲೆ ಅಮ್ಮ ಕೂತಿದ್ದರು. ಏನಂತ ಹೇಳಲಿ?

ಆವತ್ತು ನನಗೆ ಅರ್ಥವಾಯಿತು. ಗ್ರಾಮಸಭೆ ಹೆಸರು ಆರಿಸಬಹುದು, ಅಷ್ಟೇ. ಎಷ್ಟು ಮನೆ ಅನ್ನುವುದು ಮೇಲಿನಿಂದ ಬರಬೇಕು, ಅದೇ ಟಾರ್ಗೆಟ್, ಗುರಿ. ದುಡ್ಡು ಪಂಚಾಯ್ತಿಗೆ ಬರುವುದೇ ಇಲ್ಲ, ಮೇಲಿನಿಂದ ನೇರವಾಗಿ ನಮ್ಮ ಖಾತೆಗೆ ಕಂತಿನಲ್ಲಿ ಬೀಳುತ್ತದೆ. ಪ್ರಧಾನಮಂತ್ರಿ ಆವಾಸ್ ಆದರೂ ಇದೇ ಕಥೆ. ಅದರಲ್ಲಿ ಒಂದು ಮನೆಗೆ ಕೊಡುವ 1.20 ಲಕ್ಷದಲ್ಲಿ ಶೇ. 60 ಕೇಂದ್ರದ್ದು, ಶೇ. 40 ರಾಜ್ಯದ್ದು, ಗುರಿ ಡೆಲ್ಲಿಯಿಂದ ಇಳಿಯಬೇಕು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ಅಂತ ಬರೆದಿರುವ 29 ವಿಷಯಗಳಲ್ಲಿ ಗ್ರಾಮೀಣ ವಸತಿಯೂ ಇದೆ. 1993ರಿಂದ ಇದೆ. ಆದರೆ ನಮ್ಮ ಪಂಚಾಯ್ತಿಗೆ ಒಂದು ಮನೆಯನ್ನು ತಾನಾಗಿ ಕೊಡುವ ತಾಕತ್ತಿಲ್ಲ. ತಾಕತ್ತಿಲ್ಲದವರು ಗ್ಯಾರಂಟಿ ಯಾಕೆ ಕೊಟ್ಟರು? ಗುರಿ ಕೊಡದವರು ಪಟ್ಟಿ ಯಾಕೆ ಓದಿಸಿದರು?

ಎಲ್ಲ ಕಡೆ ಕೇಳಿದೆ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೇಳಿದ್ದು: "ಆಯ್ಕೆ ಮಾಡೋದಷ್ಟೇ ನಮ್ಮ ಕೆಲಸ. ಕೆಡವಿ ಅಂತ ನಾವು ಬರೆದು ಕೊಟ್ಟಿದ್ದೀವಾ?" ಇಲ್ಲ, ಬರೆದು ಕೊಟ್ಟಿಲ್ಲ. ಅಲ್ಲೇ ನಾವು ಸೋತಿದ್ದು. ತಾಲ್ಲೂಕು ಪಂಚಾಯ್ತಿಯಲ್ಲಿ, "ಪಟ್ಟಿ ಮೇಲಕ್ಕೆ ಕಳಿಸಿದ್ದೀವಿ." ಜಿಲ್ಲಾ ಪಂಚಾಯ್ತಿಯಲ್ಲಿ, "ಬೆಂಗಳೂರಲ್ಲಿ ಕೇಳಿ." ಬೆಂಗಳೂರಿನಲ್ಲಿ, "ನಿಮ್ಮ ಪಂಚಾಯ್ತಿಯಲ್ಲೇ ವಿಚಾರಿಸಿ." ಹೊರಟ ಜಾಗಕ್ಕೇ ತಂದು ಬಿಟ್ಟರು. ಕೊನೆಗೆ ಮೆಂಬರ್ ಹತ್ತಿರ ಹೋದೆ. "ಅಣ್ಣ, ನೀವೇ ಅಲ್ವಾ ಹೇಳಿದ್ದು?" ಅಂದೆ. "ನಾನೇನು ಸರ್ಕಾರನಾ? ಎಂಎಲ್‌ಎ ಕಡೆಯಿಂದ ಒಂದು ಮಾತು ಹೇಳಿಸಪ್ಪ" ಅಂದರು. ಅಮ್ಮನ ಅಂಗಳದಲ್ಲಿ ಕೂತು ಕಾಫಿ ಕುಡಿದು ಹತ್ತು ಸಾವಿರ ಎಣಿಸಿಕೊಂಡವರು, ನಾನೇನು ಸರ್ಕಾರನಾ ಅನ್ನುತ್ತಾರೆ!

10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಒಂದೇ ಸಾಲಿನ ಉತ್ತರ ಬಂತು: "ಸದರಿ ಗ್ರಾಮ ಪಂಚಾಯಿತಿಗೆ ಸದರಿ ಸಾಲಿನಲ್ಲಿ ಗುರಿ ನಿಗದಿಯಾಗಿರುವುದಿಲ್ಲ." ಈ ಅರ್ಜಿ ನಾನು ಕೆಡವುವ ಮುಂಚೆ ಹಾಕಬೇಕಿತ್ತು. ನೀವು ಮುಂಚೆಯೇ ಹಾಕಿ. ನಿಮ್ಮ ಹೆಸರು ಕಂಪ್ಯೂಟರ್‌ನಲ್ಲಿ ಬಂದಿರುವುದನ್ನು ಕಣ್ಣಾರೆ ನೋಡಿ. ವರ್ಕ್ ಆರ್ಡರ್ ಕೈಯಲ್ಲಿ ಹಿಡಿಯದೆ ಒಂದು ಹೆಂಚೂ ಇಳಿಸಬೇಡಿ. ಬಾಯಿ ಮಾತು ಬೇಡ, ಯಾರದ್ದೂ ಬೇಡ.

ಮೊನ್ನೆ ಮತ್ತೆ ಗ್ರಾಮಸಭೆ ಆಯಿತು. ಮತ್ತೆ ಪಟ್ಟಿ ಓದಿದರು. ಹಿಂದಿನ ಬೀದಿಯ ಒಂಟಿ ಅಜ್ಜಿಗೆ ಅದೇ ಮೆಂಬರ್ "ನಿಂದು ಗ್ಯಾರಂಟಿ" ಅಂದಿದ್ದಾರೆ. ಸೋಮವಾರ ಹೆಂಚು ಇಳಿಸಲು ಅಜ್ಜಿ ಆಳು ಹೇಳಿದ್ದಾರಂತೆ. ಇವತ್ತು ರಾತ್ರಿ ಬಸ್ಸಿಗೆ ಊರಿಗೆ ಹೊರಟಿದ್ದೇನೆ.