ಭದ್ರತಾ ಅಪ್‌ಡೇಟ್: ಡೆಬಿಯನ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಪೈಕಿ ನನ್ನ ಓಟು ಡೆಬಿಯನ್‌ಗೆ
ಈ ಮೂರೂ ಆಪರೇಟಿಂಗ್ ಸಿಸ್ಟಮ್‌ಗಳನ್ನು ಸರ್ವರ್‌ಗಳಲ್ಲಿ ಓಡಿಸಿದ್ದೇನೆ. ಈಗ ಹೊಸ ಯಂತ್ರ ಕೈಗೆ ಬಂದರೆ ಡೆಬಿಯನ್ನೇ ಹಾಕುತ್ತೇನೆ. ವೇಗ, ಫೈಲ್ ಸಿಸ್ಟಮ್ ಎಲ್ಲ ಬೇರೆ ಕಡೆ ಓದಿಕೊಳ್ಳಿ. ಭದ್ರತೆಯಲ್ಲಿ ತೂತು ಸಿಕ್ಕ ದಿನ ಸುದ್ದಿ ಹೇಗೆ ಬರುತ್ತದೆ, ರಿಪೇರಿ ಹೇಗೆ ಬರುತ್ತದೆ, ನನಗೆ ಬೇಕಿರುವುದು ಅಷ್ಟೇ.

ಮೂರನ್ನೂ ಒಟ್ಟಿಗೆ ತೂಗಿ ನೋಡುವಂತೆ ಮಾಡಿದ್ದು ಓಪನ್‌ಎಸ್‌ಎಸ್‌ಎಚ್‌ನ (ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ತಂತ್ರಾಂಶ) ಒಂದು ತೂತು. ಅದರ ಸಿವಿಇ ಸಂಖ್ಯೆ, ಅಂದರೆ ತೂತುಗಳನ್ನು ಗುರುತಿಸಲು ಕೊಡುವ ಸಂಖ್ಯೆ, ಸಿವಿಇ-2024-6387. 2006ರಲ್ಲಿ ಮುಚ್ಚಿದ್ದ ತೂತು 8.5ಪಿ1 ಆವೃತ್ತಿಯಲ್ಲಿ ಮತ್ತೆ ತೆರೆದುಕೊಂಡಿತ್ತು. ಲಾಗಿನ್ ಆಗದೆಯೇ ಹೊರಗಿನವರು ರೂಟ್ (ಯಂತ್ರದ ಪೂರ್ಣ ಅಧಿಕಾರವುಳ್ಳ ಬಳಕೆದಾರ) ಆಗಬಹುದಿತ್ತು. ಸುದ್ದಿ ಹೊರಬಿದ್ದದ್ದು 2024ರ ಜುಲೈ 1ರಂದು.

ಓಪನ್‌ಬಿಎಸ್‌ಡಿಗೆ ಇದು ತಟ್ಟಲೇ ಇಲ್ಲ. ರಿಪೇರಿ ಅಂದರೆ ಪ್ಯಾಚ್ ಹಾಕುವ ಅದರ ಸಾಧನ ಸಿಸ್‌ಪ್ಯಾಚ್ ಕೂಡ ಚೊಕ್ಕ. ಒಂದೇ ಕಮಾಂಡ್, ಎಡವಟ್ಟಾದರೆ ಕೊನೆಯ ಪ್ಯಾಚನ್ನು ವಾಪಸ್ ತೆಗೆಯಬಹುದು. ಆದರೆ ಒಂದು ಬಿಡುಗಡೆಗೆ ಪ್ಯಾಚ್ ಸಿಗುವುದು ಸುಮಾರು ಒಂದು ವರ್ಷ ಮಾತ್ರ. ಆ ಓಟ ನನಗೆ ಆಗದು.

ಭದ್ರತಾ ಪ್ರಕಟಣೆ ಬರೆಯುವುದರಲ್ಲಿ ಮಾತ್ರ ಫ್ರೀಬಿಎಸ್‌ಡಿಯನ್ನು ಮೀರಿಸುವವರಿಲ್ಲ. ಹಿನ್ನೆಲೆ, ಸಮಸ್ಯೆ, ಪರಿಣಾಮ, ಸದ್ಯದ ಉಪಾಯ, ಪರಿಹಾರ, ಎಲ್ಲ ಸಾಲಾಗಿ ಇರುತ್ತದೆ. ಅಂದು ಅಪ್‌ಡೇಟ್ ಮಾಡಲಾಗದವರಿಗೆ ಲಾಗಿನ್‌ಗ್ರೇಸ್‌ಟೈಮ್ (ಲಾಗಿನ್ ಮುಗಿಸಲು ಕೊಡುವ ಸಮಯದ ಮಿತಿ) ಅನ್ನು 0 ಮಾಡಿ, ಅಂದರೆ ಮಿತಿಯನ್ನೇ ತೆಗೆಯಿರಿ ಎಂದರು. ಹಾಗೆ ಮಾಡಿದರೆ ಸಂಪರ್ಕಗಳು ತುಂಬಿ ಸೇವೆ ನಿಲ್ಲಬಹುದು ಎಂಬುದನ್ನೂ ಅಲ್ಲೇ ಹೇಳಿದರು. ಡೆಬಿಯನ್ ಪ್ರಕಟಣೆ ಇದರ ಮುಂದೆ ತೆಳು. ಆದರೆ ಫ್ರೀಬಿಎಸ್‌ಡಿಯಲ್ಲಿ ಮೂಲ ಸಿಸ್ಟಮ್‌ಗೆ ಒಂದು ಕಮಾಂಡ್, ಪ್ಯಾಕೇಜ್‌ಗಳಿಗೆ ಇನ್ನೊಂದು. ನನ್ನ ಹಳೇ ಡಿಸ್ಕ್‌ನಲ್ಲಿ ಮೂಲ ಸಿಸ್ಟಮ್‌ನ ಕಮಾಂಡ್ ಆದ ಫ್ರೀಬಿಎಸ್‌ಡಿ-ಅಪ್‌ಡೇಟ್ ತೆವಳುತ್ತದೆ.

ಇನ್ನು ಡೆಬಿಯನ್‌ನ ಕಿರಿಕಿರಿ. ಅದು ಸಾಮಾನ್ಯವಾಗಿ ಹೊಸ ಆವೃತ್ತಿ ಕೊಡುವುದಿಲ್ಲ, ಹಳೆಯದಕ್ಕೇ ರಿಪೇರಿಯನ್ನು ಸೇರಿಸುತ್ತದೆ. ಓಪನ್‌ಎಸ್‌ಎಸ್‌ಎಚ್‌ನ ಮೂಲ ತಂಡ ಅಂದು 9.8ಪಿ1 ಬಿಟ್ಟಿತು. ಆದರೆ ಡೆಬಿಯನ್ 12ರಲ್ಲಿ 9.2ಪಿ1 ಹಾಗೇ ಉಳಿಯಿತು. ಆವೃತ್ತಿ ಸಂಖ್ಯೆಯ ಬಾಲಕ್ಕೆ ಮಾತ್ರ ಡೆಬ್12ಯು3 ಎಂದು ಸೇರಿತು. ತೂತು ಮುಚ್ಚಿದ ಗುರುತು ಆ ಬಾಲದಲ್ಲಿದೆ.

ತೂತು ಹುಡುಕಲು ನಮ್ಮ ಯಂತ್ರಗಳನ್ನು ಪರಿಶೀಲಿಸಿದ ಸ್ಕ್ಯಾನರ್ ತಂತ್ರಾಂಶಕ್ಕೆ ಬಾಲ ಕಾಣಿಸಲಿಲ್ಲ. 9.2 ಕಂಡದ್ದೇ ತಡ, ವರದಿ ಕೆಂಪಾಯಿತು. ಸರ್ವರ್ ತನ್ನ ಪರಿಚಯದ ಸಾಲಿನಲ್ಲೇ ಡೆಬ್12ಯು3 ಎಂದು ಹೇಳಿಕೊಳ್ಳುತ್ತಿತ್ತು, ಅದನ್ನೂ ಓದಲಿಲ್ಲ! "9.8ಕ್ಕೆ ಏರಿಸಿ" ಎಂಬ ಸೂಚನೆ ಮತ್ತೆ ಮತ್ತೆ ಬಂತು. ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆಗೆದು, ಸಿವಿಇ ಸಂಖ್ಯೆ ಇರುವ ಸಾಲು ತೋರಿಸಿ, ಯಾವ ತೂತು ಎಲ್ಲಿ ಮುಚ್ಚಿದೆ ಎಂದು ತೋರಿಸುವ ಡೆಬಿಯನ್‌ನ ಸೆಕ್ಯುರಿಟಿ ಟ್ರ್ಯಾಕರ್‌ನ ಪುಟವನ್ನೂ ಲಗತ್ತಿಸಿದ ಮೇಲೆ ಸ್ಕ್ಯಾನರ್‌ನವರು ಒಪ್ಪಿದರು. ಮುಂದಿನ ಸ್ಕ್ಯಾನ್‌ನಲ್ಲಿ ಮತ್ತೆ ಅದೇ ಕೆಂಪು. ರಿಪೇರಿಗೆ ಹಿಡಿದದ್ದಕ್ಕಿಂತ ಜಾಸ್ತಿ ಹೊತ್ತು ವಿವರಣೆಗೇ ಹೋಯಿತು.

ಇಷ್ಟಾದರೂ ಆ ಪದ್ಧತಿಯನ್ನು ನಾನು ಬಿಡಲಾರೆ. ಆವೃತ್ತಿ ಬದಲಾಗದ್ದರಿಂದಲೇ ಅಲ್ವಾ ಕಾನ್ಫಿಗ್ (ನಾವು ಮಾಡಿಟ್ಟ ಸೆಟ್ಟಿಂಗ್) ಮುರಿಯುವ ಭಯವಿಲ್ಲದೆ ಅಪ್‌ಡೇಟನ್ನು ತಾನಾಗಿಯೇ ಹಾಕಿಕೊಳ್ಳಲು ಬಿಡುವುದು? ಆ ಕೆಲಸ ಮಾಡುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್‌ಗೆ ಭದ್ರತಾ ರಿಪೇರಿ ಮಾತ್ರ ಹಾಕು ಎಂದು ಹೇಳಿಟ್ಟಿದ್ದೇನೆ. ಲೈಬ್ರರಿ ಬದಲಾದಾಗ ಯಾವ ಸೇವೆಯನ್ನು ಮತ್ತೆ ಶುರು ಮಾಡಬೇಕು ಎಂಬುದನ್ನು ನೀಡ್‌ರೀಸ್ಟಾರ್ಟ್ ತೋರಿಸುತ್ತದೆ. ಹೊಸ ಕರ್ನಲ್ (ಸಿಸ್ಟಮ್‌ನ ತಿರುಳು) ಬಂದರೆ ರೀಬೂಟ್ ನಾನೇ ಮಾಡುತ್ತೇನೆ.

ದಿನಾ ಪ್ರಕಟಣೆ ಓದುತ್ತಾ ಕೂರುವವರು, ಆರು ತಿಂಗಳಿಗೊಮ್ಮೆ ಬರುವ ಹೊಸ ಬಿಡುಗಡೆಗೆ ಸಿಸ್ಟಮ್ ಏರಿಸಲು ಬೇಸರವಿಲ್ಲದವರು ಓಪನ್‌ಬಿಎಸ್‌ಡಿ ಹಾಕಿಕೊಳ್ಳಲಿ. ನನ್ನದು ಹಳೇ ಯಂತ್ರಗಳು, ವಾರಕ್ಕೊಮ್ಮೆ ಕಣ್ಣಾಡಿಸುವ ಅಭ್ಯಾಸ. ಡೆಬಿಯನ್‌ನಲ್ಲಿ ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಸೇರಿ ಒಟ್ಟು ಐದು ವರ್ಷ. ಸ್ಕ್ಯಾನರ್‌ನವರಿಗೆ ಕಳಿಸುವ ಉತ್ತರ ಒಂದು ಫೈಲ್‌ನಲ್ಲಿ ಸಿದ್ಧವಿದೆ, ಸಿವಿಇ ಸಂಖ್ಯೆ ಬದಲಿಸಿ ಕಳಿಸುತ್ತೇನೆ.