ಕುಳಿ ಕೊರೆಯುವುದನ್ನು ಕಲಿಸುವ ಕಡೆ ಹಲ್ಲು ತುಂಬಿಸಿಕೊಂಡ ಅನುಭವ

ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಅವುಗಳಲ್ಲಿ ಒಂದರ ಆಸ್ಪತ್ರೆಯಲ್ಲಿ ಕಳೆದ ತಿಂಗಳು ಎರಡು ಭೇಟಿಗಳಲ್ಲಿ ನನ್ನ ಬಲಗಡೆಯ ಕೆಳದವಡೆ ಹಲ್ಲನ್ನು ತುಂಬಿಸಿಕೊಂಡೆ. ಯಾವ ಕಾಲೇಜು ಎಂದು ಬರೆದರೆ ಚಿಕಿತ್ಸೆ ನೀಡಿದ ಪಿ.ಜಿ. ವಿದ್ಯಾರ್ಥಿನಿ ಯಾರೆಂಬುದು ಸುಲಭವಾಗಿ ಗೊತ್ತಾಗುತ್ತದೆ. ಆಕೆಗೆ ಅದು ಇಷ್ಟವಿಲ್ಲದ ಕಾರಣ ಹೆಸರನ್ನು ಬಿಟ್ಟಿದ್ದೇನೆ. ಆದರೆ ಅಲ್ಲಿ ನಡೆದ ಕೆಲಸವನ್ನು ವಿವರವಾಗಿ ಬರೆಯಬೇಕು ಎನ್ನಿಸಿದೆ, ಏಕೆಂದರೆ ನಾವೆಲ್ಲ ಹಲ್ಲು ತುಂಬಿಸಿಕೊಳ್ಳುವಾಗ ಯಾವ ಸಿಮೆಂಟ್, ಬಿಳಿಯದೋ ಬೆಳ್ಳಿಯದೋ, ಎಷ್ಟು ರೂಪಾಯಿ ಎಂದು ವಿಚಾರಿಸುತ್ತೇವೆಯೇ ಹೊರತು, ತುಂಬುವ ಮೊದಲು ಕುಳಿಯನ್ನು ಹೇಗೆ ಸಿದ್ಧಪಡಿಸುತ್ತಾರೆ ಎಂದು ಕೇಳುವುದೇ ಇಲ್ಲ.

ನಾನೂ ಕೇಳಿದವನಲ್ಲ. ಹೋದ ವರ್ಷ ಇದೇ ಹಲ್ಲಿಗೆ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಬಿಳಿ ಫಿಲ್ಲಿಂಗ್ ಹಾಕಿಸಿಕೊಂಡಿದ್ದೆ. ಕುರ್ಚಿಯ ಮೇಲೆ ಮಲಗಿದಾಗಿನಿಂದ ಎದ್ದು ಬರುವವರೆಗೆ ಕಾಲು ಗಂಟೆಯೂ ಆಗಲಿಲ್ಲ. ಸ್ವಲ್ಪ ಕೊರೆದರು, ಕೆನ್ನೆಯ ಪಕ್ಕ ಹತ್ತಿ ಇಟ್ಟರು, ತುಂಬಿ ನೀಲಿ ದೀಪ ಹಿಡಿದರು. ನಾಲ್ಕನೆಯ ತಿಂಗಳು ಮಂಡಕ್ಕಿ ತಿನ್ನುವಾಗ ಒಂದು ಶೇಂಗಾ ಬೀಜ ಕಡಿದೆ. ಫಿಲ್ಲಿಂಗ್‌ನ ಚೂರಿನ ಜೊತೆಗೆ ಹಲ್ಲಿನ ಮೂಲೆಯೂ ಮುರಿದು ಬಾಯಿಗೆ ಬಂತು. ಹಾಕಿದ ಸಾಮಾನು ಕಳಪೆಯದಿರಬೇಕು ಎಂದೇ ತಿಳಿದಿದ್ದೆ.

ಕಾಲೇಜಿನಲ್ಲಿ ಮೊದಲ ದಿನ ಎಕ್ಸ್-ರೇ ತೆಗೆದು ನೋಡಿದ ವಿದ್ಯಾರ್ಥಿನಿ, "ಸಾಮಾನಿಂದು ತಪ್ಪಲ್ಲ ಸರ್, ಅಂಚಿನ ಕೆಳಗೆ ಹುಳುಕು ಹಾಗೇ ಉಳಿದಿದೆ" ಎಂದರು. ಚಿತ್ರದಲ್ಲಿ ಹಲ್ಲಿನ ಮೇಲ್ಪದರದ ಕೆಳಗೆ ಒಂದು ಕಪ್ಪು ನೆರಳು ಪಕ್ಕಕ್ಕೆ ಹರಡಿಕೊಂಡಿತ್ತು. ಎನಾಮಲ್ ಎಂಬ ಈ ಮೇಲ್ಪದರ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಆದರೂ ಅದು ಪೆಡಸು, ಕೆಳಗಿನ ಪದರವಾದ ಡೆಂಟಿನ್‌ನ ಆಸರೆಯಿಂದ ಮಾತ್ರ ಅಗಿಯುವ ಭಾರವನ್ನು ತಾಳಿಕೊಳ್ಳುತ್ತದೆ. ಹುಳುಕು ಹಲ್ಲಿನ ಮೇಲಿನ ಸಣ್ಣ ಸಂದಿನಿಂದ ಒಳಗಿಳಿದು, ಎನಾಮಲ್ ಮುಗಿದು ಡೆಂಟಿನ್ ಶುರುವಾಗುವ ಗೆರೆಯನ್ನು ಮುಟ್ಟಿದೊಡನೆ ಅಡ್ಡಡ್ಡಲಾಗಿ ಹಬ್ಬುತ್ತದೆ. ಗೆದ್ದಲು ಹಿಡಿದ ಬಾಗಿಲ ಚೌಕಟ್ಟು ಇದಕ್ಕೆ ಸರಿಯಾದ ಹೋಲಿಕೆ: ಹೊರಗೆ ಬಣ್ಣ ಮಾಸಿರುವುದಿಲ್ಲ, ಬೆರಳಿಟ್ಟು ಒತ್ತಿದರೆ ಒಳಗೆ ಪೊಳ್ಳು. ಹೊರಗೆ ಕಾಣುವ ತೂತಿನಷ್ಟನ್ನೇ ಕೊರೆದು ತುಂಬಿದರೆ ಅದರ ಸುತ್ತಲಿನ ಆಸರೆಯಿಲ್ಲದ ಎನಾಮಲ್ ಒಂದು ದಿನ ಮುರಿಯಲೇಬೇಕು. ನನ್ನ ಹಲ್ಲಿಗೆ ಆದದ್ದು ಅದೇ.

ಎರಡನೆಯ ಭೇಟಿಯಲ್ಲಿ ಇಂಜೆಕ್ಷನ್ ಕೊಟ್ಟು, ದವಡೆ ಮರಗಟ್ಟಿದ ಮೇಲೆ, ಆ ಹಲ್ಲಿಗೆ ಒಂದು ಕ್ಲ್ಯಾಂಪ್ ಕೂರಿಸಿ ರಬ್ಬರ್ ಹಾಳೆಯನ್ನು ಎಳೆದು ಕಟ್ಟಿದರು. ರಬ್ಬರ್ ಡ್ಯಾಮ್ ಎಂದು ಕರೆಯುವ ಈ ಹಾಳೆಯ ಪದ್ಧತಿ 1864ರಷ್ಟು ಹಳೆಯದಂತೆ. ಅರವತ್ತು ದಾಟಿದ ನಾನು ಅದನ್ನು ಕಂಡದ್ದು ಅಂದೇ ಮೊದಲು. ಹಾಳೆಯ ತೂತಿನಿಂದ ಹಲ್ಲು ಮಾತ್ರ ಮೇಲೆ ಕಾಣುತ್ತದೆ. ನಾಲಿಗೆ, ಕೆನ್ನೆ, ಜೊಲ್ಲು ಎಲ್ಲವೂ ಅದರ ಕೆಳಗೆ. ಉಗುಳಲು ಮೇಲಿಂದ ಮೇಲೆ ಏಳಬೇಕಾಗಿಲ್ಲ, ಕೊರೆದ ಪುಡಿ ಗಂಟಲಿಗೆ ಇಳಿಯುವುದಿಲ್ಲ. ಮೊದಲ ಐದು ನಿಮಿಷ ಉಸಿರು ಕಟ್ಟಿದಂತಾದರೂ ಮೂಗಿನಲ್ಲಿ ಉಸಿರಾಡುವುದು ಆಮೇಲೆ ರೂಢಿಯಾಯಿತು.

ಕೊರೆಯುವ ಮೊದಲು ಪ್ರೊಫೆಸರ್ ಬಂದು ನಿಂತು, "ಗಡಿ ಎಲ್ಲಿಗೆ ನಿಲ್ಲಿಸ್ತೀಯಮ್ಮ? ಯಾಕೆ?" ಎಂದು ಕೇಳಿದರು. ಮಲಗಿದಲ್ಲಿಂದಲೇ ನಾನು ಕೇಳಿಸಿಕೊಂಡ ಆ ಪ್ರಶ್ನೋತ್ತರವನ್ನು ಈ ಸೇವೆಯ ಬಹುದೊಡ್ಡ ಗುಣವೆಂದು ಎಣಿಸುತ್ತೇನೆ. ಅಮೆರಿಕದ ಜಿ. ವಿ. ಬ್ಲ್ಯಾಕ್ ಎಂಬ ದಂತವೈದ್ಯರು 1908ರಲ್ಲಿ ತಮ್ಮ ಗ್ರಂಥದಲ್ಲಿ ಕುಳಿ ಸಿದ್ಧಪಡಿಸುವ ಕ್ರಮವನ್ನು ಹಂತ ಹಂತವಾಗಿ ನಿಗದಿಪಡಿಸಿದರು: ಮೊದಲು ಕುಳಿಯ ಹೊರರೇಖೆ, ಅನಂತರ ಅಗಿಯುವ ಭಾರಕ್ಕೆ ಹಲ್ಲೂ ಫಿಲ್ಲಿಂಗೂ ಮುರಿಯದಂತಹ ಆಕಾರ, ಫಿಲ್ಲಿಂಗ್ ಕಿತ್ತು ಬರದಂತಹ ಹಿಡಿತ, ಉಪಕರಣ ಒಳಗೆ ಆಡಲು ಬೇಕಾದಷ್ಟು ಜಾಗ, ಉಳಿದ ಹುಳುಕನ್ನು ತೆಗೆಯುವುದು, ಎನಾಮಲ್ ಅಂಚನ್ನು ನಯಗೊಳಿಸುವುದು, ಕೊನೆಗೆ ಕುಳಿಯನ್ನು ಶುಚಿ ಮಾಡುವುದು. ಬೆಳ್ಳಿ ಫಿಲ್ಲಿಂಗ್ ಎಂದು ನಾವು ಕರೆಯುವ ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ಆದ್ದರಿಂದ ಅದಕ್ಕೆ ಒಂದೂವರೆಯಿಂದ ಎರಡು ಮಿಲಿಮೀಟರ್ ಆಳ ಬೇಕು, ತಳ ಸಮತಟ್ಟಾಗಿರಬೇಕು, ಗೋಡೆಗಳು ಬಾಯಿಯ ಕಡೆಗೆ ತುಸು ಕಿರಿದಾಗಿ ಒಳಗೆ ಅಗಲವಾಗಿರಬೇಕು. ನೀರಿನ ಕೊಡದ ಕಂಠದಂತೆ ಆ ಆಕಾರವೇ ಅದನ್ನು ಹಿಡಿದಿಡುತ್ತದೆ. ಅಂಚುಗಳು ಲಂಬವಾಗಿರಬೇಕು, ಏಕೆಂದರೆ ತೆಳುವಾದ ಅಂಚಿನಲ್ಲಿ ಅಮಾಲ್ಗಮ್ ಒಡೆಯುತ್ತದೆ. ಮುಂದೆ ಹುಳುಕು ಹಿಡಿಯಬಹುದೆಂದು ಹತ್ತಿರದ ಒಳ್ಳೆಯ ಸಂದುಗಳನ್ನೂ ಕುಳಿಯೊಳಗೆ ಸೇರಿಸಿಕೊಳ್ಳಬೇಕು ಎಂಬುದು ಬ್ಲ್ಯಾಕ್ ಅವರ ಮತ. ಫ್ಲೋರೈಡ್ ಪೇಸ್ಟ್ ಇಲ್ಲದ ಆ ಕಾಲಕ್ಕೆ ಅದು ವಿವೇಕದ ಮಾತೇ ಆಗಿತ್ತು.

1955ರಲ್ಲಿ ಬುವನಕೋರ್ ಎಂಬ ದಂತ ಸಂಶೋಧಕರು ಎನಾಮಲ್ ಮೇಲೆ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದರೆ ರೆಸಿನ್ ಎಂಬ ಪ್ಲಾಸ್ಟಿಕ್‌ನಂತಹ ವಸ್ತು ಬಿಗಿಯಾಗಿ ಅಂಟುತ್ತದೆ ಎಂದು ತೋರಿಸಿದ ಮೇಲೆ ಲೆಕ್ಕಾಚಾರ ಬದಲಾಯಿತು. ಅಂಟುವ ಫಿಲ್ಲಿಂಗ್‌ಗೆ ಹಿಡಿತದ ಆಕಾರಕ್ಕಾಗಿ ಒಳ್ಳೆಯ ಹಲ್ಲನ್ನು ಕಡಿಯಬೇಕಾಗಿಲ್ಲ. ಹುಳುಕು ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಹೋದರೆ ಸಾಕು. ವಿದ್ಯಾರ್ಥಿನಿ ಕೊಟ್ಟ ಉತ್ತರವೂ ಇದೇ: ಆಸರೆಯಿಲ್ಲದ ಎನಾಮಲ್ ತೆಗೆಯುತ್ತೇನೆ, ಸಂದುಗಳನ್ನು ಮುಟ್ಟುವುದಿಲ್ಲ.

ಕೊರೆಯುವಾಗ ಆಕೆ ಏರೋಟರ್ ಎಂಬ ವೇಗದ ಕೊರೆಯುವ ಯಂತ್ರವನ್ನು ಒತ್ತಿ ಹಿಡಿಯಲಿಲ್ಲ. ಮುಟ್ಟಿಸುವುದು, ತೆಗೆಯುವುದು, ನೀರಿನ ತುಂತುರು ನಿಲ್ಲದಂತೆ ನೋಡಿಕೊಳ್ಳುವುದು. ಬಿಸಿ ಏರಿದರೆ ಒಳಗಿನ ನರಕ್ಕೆ ಪೆಟ್ಟು. ಹುಳುಕಿನ ಹತ್ತಿರ ಬಂದಾಗ ವೇಗದ ಯಂತ್ರವನ್ನು ಬದಿಗಿಟ್ಟು ನಿಧಾನವಾಗಿ ತಿರುಗುವ ಗುಂಡು ಬರ್ (ಕೊರೆಯುವ ತುದಿ) ಹಾಕಿಕೊಂಡರು, ಅನಂತರ ಎಳ್ಳುಕಾಳಿನಷ್ಟು ತಲೆಯ ಚಮಚದಂತಹ ಕೈಯುಪಕರಣ. ನೋವಿಲ್ಲದಿದ್ದರೂ ದವಡೆಯ ಮೂಳೆಯ ಮೂಲಕ ಶಬ್ದ ಕೇಳುತ್ತಿತ್ತು: ಮೊದಲು ಏನೂ ಇಲ್ಲದ ಮೆತ್ತನೆಯ ಎಳೆತ, ಆಮೇಲೆ ಚರ್ಮ ಸುಲಿದಂತಹ ಸದ್ದು, ಕೊನೆಗೆ ಸ್ಲೇಟಿನ ಮೇಲೆ ಬಳಪ ಎಳೆದಂತೆ ಕಿರ್ ಎಂಬ ಒಣ ಸದ್ದು. ಅಂಚಿನ ಸುತ್ತ ಆ ಒಣ ಸದ್ದು ಬರುವವರೆಗೆ ಕೆರೆದರು, ಏಕೆಂದರೆ ಅಂಟು ಹಿಡಿಯಬೇಕಾದದ್ದು ಅಲ್ಲಿ. ನರದ ಮೇಲಿನ ಭಾಗದಲ್ಲಿ ಮಾತ್ರ ಪ್ರೊಫೆಸರ್ ತಾವೇ ಮುಟ್ಟಿ ನೋಡಿ "ಸಾಕು, ನಿಲ್ಲಿಸು" ಎಂದರು. ಚರ್ಮದ ಹದದ ತೆಳು ಪದರವನ್ನು ಅಲ್ಲಿ ಉಳಿಸಿದರೆ, ಮೇಲಿನ ಮುಚ್ಚಳ ಭದ್ರವಾಗಿದ್ದರೆ, ಹುಳುಕು ಅಲ್ಲಿಗೇ ನಿಲ್ಲುತ್ತದೆ. ಅದನ್ನೂ ಕೆರೆಯಲು ಹೋಗಿ ನರ ತೆರೆದುಕೊಂಡರೆ ರೂಟ್ ಕೆನಾಲ್‌ಗೆ ದಾರಿಯಾಗಬಹುದು. ಎಲ್ಲಿ ಪೂರ್ತಿ ತೆಗೆಯಬೇಕು, ಎಲ್ಲಿ ಕೈ ತಡೆಯಬೇಕು ಎಂಬ ಈ ವಿವೇಚನೆಗೆ ನಾನು ಹಣ ಕೊಟ್ಟೆ ಎಂದುಕೊಂಡಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಜಗಳೂರು ಕಡೆ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸೀಮೆ. ನನ್ನ ಹಲ್ಲುಗಳ ಮೇಲಿನ ಕಂದು ಪಟ್ಟಿಗಳನ್ನು ಕಂಡು ಆಕೆ ಮೊದಲೇ ಊರು ಯಾವುದೆಂದು ವಿಚಾರಿಸಿದ್ದರು. ಮಿತವಾದ ಫ್ಲೋರೈಡ್ ಹಲ್ಲನ್ನು ಕಾಯುತ್ತದೆ. ಎಳವೆಯಲ್ಲಿ ಅತಿಯಾದರೆ ಎನಾಮಲ್‌ನ ರಚನೆಯೇ ಬದಲಾಗಿ, ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಸೆಕೆಂಡು ಇಡುವ 37 ಪರ್ಸೆಂಟ್ ಆಮ್ಲದ ನೀಲಿ ಜೆಲ್ ಅನ್ನು ಆದ್ದರಿಂದ ನನ್ನ ಎನಾಮಲ್ ಅಂಚಿಗೆ ಇನ್ನೂ ಹೆಚ್ಚು ಹೊತ್ತು ಬಿಟ್ಟರು, ಡೆಂಟಿನ್‌ಗೆ ತಾಗಿಸಿದ್ದು ಕೊನೆಯ ಕೆಲವು ಸೆಕೆಂಡು ಮಾತ್ರ. ತೊಳೆದು ಒಣಗಿಸಿ ಕನ್ನಡಿ ಹಿಡಿದು ತೋರಿಸಿದಾಗ ಅಂಚೆಲ್ಲ ಸುಣ್ಣ ಬಳಿದಂತೆ ಮಾಸಲು ಬಿಳಿಯಾಗಿತ್ತು. ನಮ್ಮ ಸೀಮೆಯ ಹಲ್ಲನ್ನು ನಿತ್ಯ ನೋಡುವವರಿಗೆ ಗೊತ್ತಿರುವ ಸಂಗತಿ ಇದು.

ತುಂಬುವ ಕೆಲಸ ಬೇಗ ಮುಗಿಯಿತು. ಮುರಿದ ಮೂಲೆಗೆ ಲೋಹದ ಪಟ್ಟಿ ಸುತ್ತಿ, ಪಕ್ಕದ ಹಲ್ಲಿನ ಸಂದಿಗೆ ಪುಟ್ಟ ಮರದ ಬೆಣೆ ಕೊಟ್ಟು, ಎರಡೆರಡು ಮಿಲಿಮೀಟರ್ ಪದರಗಳಾಗಿ ಕಾಂಪೋಸಿಟ್ ಎಂಬ ಬಿಳಿ ಫಿಲ್ಲಿಂಗ್ ಸಾಮಾನು ಇಟ್ಟು ಒಂದೊಂದಕ್ಕೂ ನೀಲಿ ದೀಪ ಹಿಡಿದರು. ಒಂದೇ ಸಲ ತುಂಬಿದರೆ ಗಟ್ಟಿಯಾಗುವಾಗ ಕುಗ್ಗಿ ಅಂಚಿನಲ್ಲಿ ಬಿರುಕು ಬಿಡುತ್ತದಂತೆ.

ಕೊರತೆಗಳನ್ನೂ ಹೇಳಬೇಕು. ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಮಾಡಿಸಿದವನು ಕುರ್ಚಿ ಹತ್ತಿದ್ದು ಹನ್ನೊಂದೂವರೆಗೆ. ಪ್ರತಿ ಹಂತಕ್ಕೂ ಪ್ರೊಫೆಸರ್ ಬರುವವರೆಗೆ ಬಾಯಿ ತೆರೆದು ಕಾಯಬೇಕಾದ್ದರಿಂದ ಚಿಕಿತ್ಸೆಗೆ ಎರಡು ಗಂಟೆ ಹಿಡಿದು, ದವಡೆ ಎರಡು ದಿನ ನೋಯಿತು. ಕೆಲಸಕ್ಕೆ ರಜೆ ಸಿಗದವರಿಗೆ ಇದು ಕಷ್ಟ. ಮನೆಯಲ್ಲಿ ಪಾಲಿಸಬೇಕಾದ ಸೂಚನೆಗಳ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಪಕ್ಕದ ಬೆಂಚಿನಲ್ಲಿದ್ದ ಮಾಯಕೊಂಡದ ಕಡೆಯ ಅಜ್ಜಿಯೊಬ್ಬರು "ಏನ್ ಬರ್ದಾರ್ ನೋಡಪ್ಪ" ಎಂದು ಅದನ್ನು ನನ್ನ ಕೈಗೆ ಕೊಟ್ಟರು, ನಾನು ಓದಿ ಹೇಳಿದೆ. ಸುತ್ತಲಿನ ಹಳ್ಳಿಗಳವರೇ ಹೆಚ್ಚಾಗಿ ಬರುವ ಆಸ್ಪತ್ರೆ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಲೇಬೇಕು. ಖರ್ಚು ಹಿಂದಿನ ಕ್ಲಿನಿಕ್‌ನಲ್ಲಿ ಕೊಟ್ಟದ್ದರ ಮೂರರಲ್ಲಿ ಒಂದು ಪಾಲು ಆಯಿತು.

ಏಳುವ ಮೊದಲು ಎಡಗಡೆಯ ದವಡೆ ಹಲ್ಲಿನಲ್ಲಿರುವ ಹಳೆಯ ಬೆಳ್ಳಿ ಫಿಲ್ಲಿಂಗ್ ಅನ್ನೂ ಬಿಳಿಯದಕ್ಕೆ ಬದಲಾಯಿಸಬಹುದೇ ಎಂದು ಕೇಳಿದೆ. ಅದನ್ನು ಚಿತ್ರದುರ್ಗದಲ್ಲಿ ಕೆಲಸಕ್ಕಿದ್ದಾಗ 1994ರಲ್ಲಿ ಹಾಕಿಸಿದ್ದು. ಬೆಳ್ಳಿ ಫಿಲ್ಲಿಂಗ್‌ನಲ್ಲಿ ಪಾದರಸವಿರುತ್ತದೆ; ಪಾದರಸದ ಬಳಕೆ ತಗ್ಗಿಸಬೇಕೆಂಬ 2013ರ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದ ಸುದ್ದಿ ಓದಿದ್ದರಿಂದ ಮನಸ್ಸಿನಲ್ಲಿ ಅಳುಕಿತ್ತು. ಪ್ರೊಫೆಸರ್ ಮೊನಚು ಸಲಾಕೆಯನ್ನು ಅಂಚಿನ ಸುತ್ತ ಒಮ್ಮೆ ನಿಧಾನವಾಗಿ ಎಳೆದರು. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ವಿದ್ಯಾರ್ಥಿನಿಯ ಕೈಗೂ ಸಲಾಕೆ ಕೊಟ್ಟು ಎಳೆಸಿದರು. "ಅಂಚು ನೋಡಮ್ಮ, ಎಷ್ಟು ಚೆನ್ನಾಗಿ ಕಡಿದಿದ್ದಾರೆ" ಎಂದು ಆಕೆಗೆ ಹೇಳಿ, ನನ್ನ ಕಡೆ ತಿರುಗಿ, "ಇದನ್ನು ತೆಗೆಯೋಕೆ ಹೋದ್ರೆ ಒಳ್ಳೇ ಹಲ್ಲು ಹೋಗುತ್ತೆ, ಬಿಡಿ ಸರ್" ಎಂದರು.