ಗೋವಾದಲ್ಲಿ ಮೀನೂಟಕ್ಕೆ ಕೂರುವ ಮುಂಚೆ: ರೇಟು ಕೇಳಿ, ತೂಕ ನೋಡಿ

ಗೋವಾಕ್ಕೆ ಬರುವ ನಮ್ಮ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೀಚ್ ರಸ್ತೆಯ ಹೋಟೆಲುಗಳ ಮೆನು ಕಾರ್ಡಿನಲ್ಲಿ ಕೆಲವು ಮೀನುಗಳ ಮುಂದೆ ಬೆಲೆಯೇ ಇರುವುದಿಲ್ಲ. ‘ಎಪಿಎಸ್’ ಅಂತ ಬರೆದಿರುತ್ತಾರೆ. ಮೀನಿನ ಸೈಜ್ ನೋಡಿ ರೇಟು ಅಂತ ಲೆಕ್ಕ. ಹಾಗೆ ಬರೆದವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಇಡೀ ಮೀನನ್ನು ನಿಮ್ಮ ಕಣ್ಣೆದುರೇ ತೂಗಿ, ದುಡ್ಡು ಎಷ್ಟಾಗುತ್ತದೆ ಅಂತ ಹೇಳಿ, ಆಮೇಲೆ ಒಲೆಗೆ ಇಡುವ ಹೋಟೆಲುಗಳೂ ಇವೆ. ಆದರೆ ಮೋಸ ಮಾಡುವವರಿಗೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ನಾನು ಇಲ್ಲೇ ಗೋವಾದ ವಾಸ್ಕೋದಲ್ಲಿ ಇರುವವನು. ಜುಲೈಯಲ್ಲಿ ಹಾವೇರಿಯಿಂದ ಅಕ್ಕ, ಭಾವ, ಮಕ್ಕಳು, ಭಾವನ ತಾಯಿ ಬಂದಿದ್ದರು. ಎಲ್ಲರೂ ಅವರ ಕಾರಿನಲ್ಲೇ ಕಲಂಗುಟ್ ಬೀಚ್ ಕಡೆ ಹೋಗಿದ್ದೆವು. ಜೋರು ಮಳೆ, ಮಕ್ಕಳಿಗೆ ಹಸಿವು. ಗಾಡಿ ನಿಲ್ಲಿಸುವಷ್ಟರಲ್ಲಿ ಒಬ್ಬ ಹುಡುಗ ಕೊಡೆ ಹಿಡಿದು ಓಡಿ ಬಂದ. ಕೆಎ 27 ನಂಬರ್ ನೋಡಿಯೇ ಬಂದಿದ್ದ.

“ಹಾವೇರಿ ಕಡ್ಯಾವ್ರೇನ್ರಿ? ನಮ್ದು ರಾಣೆಬೆನ್ನೂರ್ರಿ. ಬರ್ರಿ ಅಣ್ಣಾರ, ನಮ್ಮ ಹೋಟೆಲಿನ್ಯಾಗ ಫಿಶ್ ಥಾಲಿ 150 ರೂಪಾಯಿ ಅಷ್ಟರಿ.”

ಪರ ಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಯಾರಿಗೆ ಖುಷಿ ಆಗುವುದಿಲ್ಲ ಹೇಳಿ? ಭಾವನ ತಾಯಿ ಅವನ ಮನೆ ಯಾವ ಓಣಿ, ಅಪ್ಪ ಏನು ಮಾಡುತ್ತಾರೆ ಅಂತ ವಿಚಾರಿಸುತ್ತಲೇ ಒಳಗೆ ಹೋದರು.

ಕೂತು ನೀರು ಕುಡಿದ ಮೇಲೆ ವೇಟರ್ ಬಂದು ಥಾಲಿ ಮುಗಿದಿದೆ ಅಂದ. ಗಂಟೆ ಇನ್ನೂ ಒಂದಾಗಿರಲಿಲ್ಲ. ಥಾಲಿ ಅನ್ನುವುದೇ ಮಧ್ಯಾಹ್ನದ ಊಟ, ಊಟದ ಹೊತ್ತು ಶುರುವಾಗುವ ಮೊದಲೇ ಅದು ಹೇಗೆ ಮುಗಿಯುತ್ತದೆ? ಅದನ್ನು ಕೇಳುವಷ್ಟರಲ್ಲಿ ಐಸ್ ತುಂಬಿದ ಟ್ರೇ ಟೇಬಲ್ ಮೇಲೆ ಬಂತು. ಪಾಪ್ಲೆಟ್, ಸಿಗಡಿ, ಒಂದು ಕೆಂಪು ಮೀನು. ರೆಡ್ ಸ್ನ್ಯಾಪರ್ ಅಂತಾರಲ್ಲ, ಅದು. “ಇವತ್ತು ಬೆಳಿಗ್ಗೆ ಬೋಟಿನಲ್ಲಿ ಬಂದದ್ದು” ಅಂದ.

ಇಲ್ಲೊಂದು ವಿಷಯ ಗೊತ್ತಿರಲಿ. ಗೋವಾದಲ್ಲಿ ಜೂನ್ 1ರಿಂದ ಜುಲೈ 31ರ ತನಕ ಟ್ರಾಲರ್ (ಯಂತ್ರದ ದೊಡ್ಡ ಬೋಟು) ಮೀನುಗಾರಿಕೆ ಬಂದ್. ಮೀನು ಮೊಟ್ಟೆ ಇಡುವ ಕಾಲ ಅಂತ ಸರಕಾರವೇ ನಿಲ್ಲಿಸುತ್ತದೆ. ಆ ದಿನಗಳಲ್ಲಿ ಸಣ್ಣ ದೋಣಿಯವರು ಹಿಡಿದದ್ದು, ನದಿ ಮೀನು, ಕಪ್ಪೆಚಿಪ್ಪು ತಾಜಾ ಸಿಗುತ್ತವೆ. ದೊಡ್ಡ ಸಮುದ್ರ ಮೀನು ಬಹುಪಾಲು ಐಸಿನಲ್ಲಿಟ್ಟದ್ದು, ಇಲ್ಲವೇ ಹೊರಗಿನಿಂದ ತಂದದ್ದು. ಐಸಿನ ಮೀನು ತಿನ್ನಬಾರದು ಅಂತಲ್ಲ. ಅದಕ್ಕೆ ಬೆಳಗಿನ ಮೀನಿನ ರೇಟು ಕೊಡಬೇಡಿ ಅಷ್ಟೇ.

ನಾನು ಕೆಂಪು ಮೀನಿನ ರೇಟು ಕೇಳಿದೆ. “ಇನ್ನೂರು” ಅಂದ, ಬೇರೇನೂ ಹೇಳಲಿಲ್ಲ. ಸುತ್ತ ಬೇರೆ ಟೇಬಲಿನವರು ಕರೆಯುತ್ತಿದ್ದರು, ಟ್ರೇ ಎತ್ತಿಕೊಂಡು ಒಳಗೆ ಹೋಗಿಬಿಟ್ಟ.

ಬಿಲ್ ಬಂದಾಗ ಗೊತ್ತಾಯಿತು, ಅದು 100 ಗ್ರಾಮಿಗೆ ಇನ್ನೂರು. ತೂಕ 1.4 ಕೆಜಿ ಅಂತ ಬರೆದಿದ್ದರು. ಒಂದು ಮೀನಿಗೆ 2,800 ರೂಪಾಯಿ. ಸಿಗಡಿ 950, ಅನ್ನ, ಸಾರು, ಚಪಾತಿ, ಸೋಲ್ ಕಡಿ (ಕೋಕಂ, ತೆಂಗಿನ ಹಾಲಿನ ಪಾನೀಯ) ಸೇರಿ 1,050, ನೀರಿನ ಬಾಟಲಿಗೆ 200. ಒಟ್ಟು 5,000. ಅದರ ಮೇಲೆ ಸರ್ವಿಸ್ ಚಾರ್ಜ್ ಅಂತ 500, ಆ ಚಾರ್ಜನ್ನೂ ಸೇರಿಸಿಕೊಂಡು ಜಿಎಸ್‌ಟಿ 275. ಕೊನೆಗೆ 5,775! 150 ರೂಪಾಯಿ ಥಾಲಿ ಅಂತ ನಂಬಿ ಒಳಗೆ ಬಂದವರು ನಾವು.

ನಮಗೆ ಬಡಿಸಿದ ಮೀನು ಸಾಮಾನ್ಯ ಊಟದ ತಟ್ಟೆಯೊಳಗೆ ಕೂತಿತ್ತು. ಬಾಲ ಕೂಡ ಅಂಚು ದಾಟಿರಲಿಲ್ಲ. ಒಂದೂವರೆ ಕೆಜಿ ಹತ್ತಿರದ ಮೀನು ಅಂಥ ತಟ್ಟೆಯಲ್ಲಿ ಹಿಡಿಯುವುದೇ ಇಲ್ಲ. ಅದನ್ನು ಹೇಳಿದರೆ ಮ್ಯಾನೇಜರ್, “ಕ್ಲೀನ್ ಮಾಡುವ ಮುಂಚಿನ ತೂಕ ಸಾರ್” ಅಂದ. ಹಸಿ ಮೀನಿನ ತೂಕಕ್ಕೇ ರೇಟು ಹಾಕುವುದು ನಿಜ. ಆದರೆ ಹೊಟ್ಟೆ, ಕಿವಿರು ತೆಗೆದರೆ ಮೀನಿನ ಉದ್ದ ಕಡಿಮೆ ಆಗುತ್ತದಾ? ನಮ್ಮೆದುರು ಯಾಕೆ ತೂಗಲಿಲ್ಲ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಸರ್ವಿಸ್ ಚಾರ್ಜ್ ವಿಷಯದಲ್ಲಿ ನಾನು ಬಿಡಲಿಲ್ಲ. ನೀವೂ ಬಿಡಬೇಡಿ. ಹೋಟೆಲಿನವರು ತಾವೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಆ ನಿಯಮವನ್ನೇ ಎತ್ತಿಹಿಡಿಯಿತು. ಟಿಪ್ಸ್ ಕೊಡುವುದು ಬಿಡುವುದು ನಮ್ಮ ಇಷ್ಟ. ಇನ್ನು ಜಿಎಸ್‌ಟಿ. ಸಾಮಾನ್ಯ ಹೋಟೆಲಿನ ಊಟಕ್ಕೆ 5% ಇದೆ, ಸರಿ. ಆದರೆ ಬಿಲ್ ಮೇಲೆ 15 ಅಂಕಿ-ಅಕ್ಷರದ ಜಿಎಸ್‌ಟಿ ನಂಬರ್ ಇರಬೇಕು. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ, ಸಣ್ಣ ಹೋಟೆಲುಗಳಂತೂ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. ನಮ್ಮ ಬಿಲ್ಲಿನಲ್ಲಿ ನಂಬರೇ ಇರಲಿಲ್ಲ. ನಂಬರ್ ಇರುವ ಬಿಲ್ ಕೊಡಿ ಅಂದಾಗ ಮ್ಯಾನೇಜರ್ ಒಳಗೆ ಹೋಗಿ ಬಂದು, ಎರಡೂ ತೆಗೆದು 5,000 ಕೊಡಿ ಅಂದ. ಮೀನಿನ ದುಡ್ಡಿನಲ್ಲಿ ಮಾತ್ರ ಒಂದು ರೂಪಾಯಿ ಇಳಿಸಲಿಲ್ಲ. ಭಾವ ಸುಮ್ನೆ ಕೊಟ್ಟು ಎದ್ದರು.

ನೀರಿನ ಬಾಟಲಿಗೆ ಎಂಆರ್‌ಪಿ ಜಗಳ ಬೇಡ. ಹೋಟೆಲಿನಲ್ಲಿ ಕೂತು ಕುಡಿದರೆ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮೊದಲೇ ಸಾದಾ ನೀರು ಕೇಳಿ.

ಹೊರಗೆ ಬಂದಾಗ ಅದೇ ಹುಡುಗ ಕೆಎ 22 ಗಾಡಿಯ ಕಿಟಕಿ ಹತ್ತಿರ ನಿಂತು “ಬೆಳಗಾವ್ಯಾವ್ರೇನ್ರಿ?” ಅನ್ನುತ್ತಿದ್ದ. ಹೊಟ್ಟೆಪಾಡಿಗೆ ಬಂದವನು, ಟೇಬಲಿಗೆ ಇಷ್ಟು ಅಂತ ಕಮಿಷನ್ ಇರುತ್ತದೆ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ನಮ್ಮ ಭಾಷೆಯನ್ನೇ ಗಾಳಕ್ಕೆ ಸಿಕ್ಕಿಸಿದ ಮಾಲೀಕರ ಮೇಲಿದೆ. ಆ ಗಾಡಿಯಲ್ಲಿದ್ದವರಿಗೆ ನಾನು ಬಿಲ್ ತೋರಿಸಿದೆ, ಅವರು ಮುಂದೆ ಹೋದರು.

ಕಡಿಮೆ ದುಡ್ಡಿಗೆ ಒಳ್ಳೆ ಊಟ ಬೇಕು ಅಂದರೆ ಬೀಚ್ ರಸ್ತೆ ಬಿಟ್ಟು ಪಣಜಿ, ಮಾಪ್ಸಾ, ಮಡಗಾಂವ್ ಪೇಟೆಯೊಳಗೆ ಬನ್ನಿ. ಆಫೀಸಿನವರು, ಅಂಗಡಿಯವರು ಊಟ ಮಾಡುವ ಜಾಗ ನೋಡಿ. ಅನ್ನ, ಹುಮಣ್ ಅನ್ನುವ ಮೀನು ಸಾರು, ರವೆ ಹಚ್ಚಿ ಕರಿದ ಬಂಗಡೆ, ಒಣ ಸಿಗಡಿಗೆ ತೆಂಗಿನತುರಿ ಕಲಸಿದ ಕಿಸ್ಮೂರ್, ಸೋಲ್ ಕಡಿ, ಎಲ್ಲ ಒಂದೇ ತಟ್ಟೆಯಲ್ಲಿ ಬರುತ್ತದೆ. ರೇಟು ಬೋರ್ಡಿನ ಮೇಲೇ ಇರುತ್ತದೆ. ಬೆಳಿಗ್ಗೆ ಭಾಜಿ ಪಾವ್, ಸಂಜೆ ತಳ್ಳುಗಾಡಿಗಳಲ್ಲಿ ಮೇಲೆ ಮಸಾಲೆ ಸಾರು ಸುರಿದ ರಸ್ ಆಮ್ಲೆಟ್. ಮೀನು ತಿನ್ನದವರಿಗೆ ಪಣಜಿಯ ಕೆಫೆ ತಾತೋ, ಕೆಫೆ ಭೋಸ್ಲೆ ಇವೆ. ಮಾರನೇ ದಿನ ಅಕ್ಕನವರನ್ನು ಪಣಜಿಗೆ ಕರೆದುಕೊಂಡು ಹೋದೆ. ಭಾವನ ತಾಯಿ ಕಿಸ್ಮೂರ್ ಇನ್ನೊಂದು ಸಲ ಹಾಕಿಸಿಕೊಂಡರು.

ಇಡೀ ಮೀನೇ ಬೇಕು ಅಂದರೆ ರೇಟು ಕೆಜಿಗೋ 100 ಗ್ರಾಮಿಗೋ ಕೇಳಿ. ತಕ್ಕಡಿ ಟೇಬಲಿಗೆ ತರಿಸಿ, ಅಂಕಿ ಕಾಣುವ ಹಾಗೆ ಫೋಟೋ ತೆಗೆಯಿರಿ. ಬಿಲ್ ಬಿಸಾಡಬೇಡಿ. ಅದರ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಬೇಕು ಅಂತ 2022ರ ಜನವರಿ 1ರಿಂದ ಕಡ್ಡಾಯ ಆಗಿದೆ, ಹಳಸಿದ ಮೀನು ಬಡಿಸಿದರೆ ದೂರು ಕೊಡಲು ಆ ನಂಬರ್ ಬೇಕಾಗುತ್ತದೆ. ಬಿಲ್ ತಕರಾರಿಗೆ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ನಮ್ಮ ಬಿಲ್ಲಿನ ಫೋಟೋ ಹಾಕಿ ನಾನೂ ಅಲ್ಲಿ ದೂರು ಕೊಟ್ಟಿದ್ದೇನೆ.